ಮೆಣಸಿನ ಗಿಡಕ್ಕೆ ಮುಟುರು: ಔಷಧಿಗೆ ಮುನ್ನ ಎಲೆ ನೋಡಿ



ಪೀಳಮೇಡಿನಲ್ಲಿ ಈಗ ಹೊಲಗಳಿಗಿಂತ ಕಟ್ಟಡಗಳೇ ಹೆಚ್ಚು. ಆದರೂ ಹಿತ್ತಿಲಲ್ಲೋ ಊರಿನ ಹೊಲದಲ್ಲೋ ನಮ್ಮಲ್ಲಿ ಅನೇಕರಿಗೆ ಮೆಣಸಿನ ಗಿಡಗಳುಂಟು. ಎಲೆ ಮುದುಡಿದೊಡನೆ ಅಂಗಡಿಗೆ ಓಡಬೇಡಿ.

ಎಲೆ ದೋಣಿಯಂತೆ ಮೇಲಕ್ಕೆ ಮುದುಡಿದ್ದರೆ ಥ್ರಿಪ್ಸ್ ನುಸಿಯ ಕೆಲಸ. ಕೆಳಕ್ಕೆ ಮಡಚಿ, ತೊಟ್ಟು ಇಲಿಬಾಲದಂತೆ ಉದ್ದವಾಗಿದ್ದರೆ ಮೈಟ್ ನುಸಿ. ಮೈಟ್ ಕೀಟವೇ ಅಲ್ಲ, ಜೇಡನ ಬಳಗ. ಸೈಪರ್‌ಮೆಥ್ರಿನ್‌ನಂಥ ಔಷಧಿ ಹೊಡೆದರೆ ಮೈಟನ್ನು ತಿನ್ನುವ ಜೀವಿಗಳು ಸತ್ತು ಮೈಟ್ ಇನ್ನಷ್ಟು ಹೆಚ್ಚುತ್ತದೆ! ಇದಕ್ಕೆ ಲೀಟರ್ ನೀರಿಗೆ 3 ಗ್ರಾಂ ನೀರಿನಲ್ಲಿ ಕರಗುವ ಗಂಧಕ ಸಾಕು. ಸುಡುಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಥ್ರಿಪ್ಸ್‌ಗೆ ಆರಂಭದಲ್ಲೇ 50 ಗ್ರಾಂ ಬೇವಿನ ಬೀಜದ ತಿರುಳನ್ನು ಜಜ್ಜಿ, ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ ಸೋಸಿ, ಚೂರು ಸಾಬೂನು ಕರಗಿಸಿ ಸಂಜೆ ಸಿಂಪಡಿಸಿ. 2021ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸನ್ನು ಹಾಳುಮಾಡಿದ ಕಪ್ಪು ಥ್ರಿಪ್ಸ್ ಹೂವಿನಲ್ಲಿ ಅಡಗುತ್ತದೆ. ಹೂವನ್ನು ಬಿಳಿ ಕಾಗದದ ಮೇಲೆ ಕೊಡವಿ ನೋಡಿ.

ಗಿಡ ಕುಳ್ಳಾಗಿ ಎಲೆಯ ನರ ದಪ್ಪಗಾಗಿದ್ದರೆ ಬಿಳಿನೊಣ ತಂದ ನಂಜುರೋಗ. ಔಷಧಿಯಿಲ್ಲ, ಕಿತ್ತು ಸುಡಿ. ಸಂದೇಹವಿದ್ದರೆ ರೆಂಬೆಯೊಂದನ್ನು ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯಕ್ಕೆ ಒಯ್ದು ತೋರಿಸಿ.

ಹಸಿಮೆಣಸನ್ನು ಮಜ್ಜಿಗೆಗೆ, ಚಟ್ನಿಗೆ ನಾವು ಹಸಿಯಾಗಿಯೇ ಹಾಕುತ್ತೇವೆ. ಔಷಧಿ ಹೊಡೆದ ಮೇಲೆ ಡಬ್ಬಿಯ ಚೀಟಿಯಲ್ಲಿ ಬರೆದಷ್ಟು ದಿನ ಕಾಯಿ ಕೀಳಬೇಡಿ. ಮನೆಗೂ ಬೇಡ, ಸಂತೆಗೂ ಬೇಡ. ಸಿಂಪಡಿಸುವಾಗ ಕೈಗವಸು, ಮುಖಕವಚ ಇರಲಿ, ಮಕ್ಕಳು ದೂರವಿರಲಿ. ಖಾಲಿ ಡಬ್ಬಿ ಅಡಿಗೆಮನೆ ಸೇರಲೇಕೂಡದು.