ನೆರಳಿನ ಪಾಲು

ವಿಜಯಪುರದಿಂದ ಬಬಲೇಶ್ವರದ ಹಾದಿ ಹಿಡಿದು ಹೊರಟರೆ ಡೋಣಿ ನದಿಯ ಬಳಿ ಸಾರವಾಡ ಸಿಗುತ್ತದೆ. ಈ ಸೀಮೆಯಲ್ಲಿ ಬೇಸಗೆಯ ಮಧ್ಯಾಹ್ನ ನೆರಳಿನಲ್ಲಿಯೂ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುವುದುಂಟು. ಆದರೆ ಒಂದೇ ಓಣಿಯ ಎರಡು ಮನೆಗಳಲ್ಲಿ ಸೆಕೆ ಒಂದೇ ಸಮನಾಗಿರುವುದಿಲ್ಲ. ಮಣ್ಣಿನ ಮಾಳಿಗೆಯ ಕೆಳಗಿನವರು ತಂಪಾಗಿ ಕುಳಿತಿರುವರು. ತಗಡಿನ ಕೆಳಗಿನವರು ಬೇವಿನ ಮರವನ್ನು ಹುಡುಕಿ ಹೊರಡುವರು. ಸೂರ್ಯನೊಬ್ಬನೇ ಆಗಿರುವಾಗ ಈ ಭೇದವೇಕೆ?

ಅರ್ಧ ಮಿಲಿಮೀಟರಿನ ತಗಡು ಬಿಸಿಲಿಗೆ ಕೆಲವೇ ನಿಮಿಷಗಳಲ್ಲಿ ಕಾದು, ಕೆಳಗಿದ್ದವರ ಮೇಲೆ ಉಷ್ಣವನ್ನು ಸೂಸುತ್ತದೆ. ಒಂದು ಅಡಿ ದಪ್ಪದ ಮಣ್ಣಿನೊಳಗಾದರೋ ಉಷ್ಣದ ಅಲೆ ಮೆಲ್ಲನೆ ಇಳಿಯುತ್ತದೆ. ಲೆಕ್ಕ ಹಾಕಿ ನೋಡಿದರೆ, ಕೆಳಮುಖವನ್ನು ತಲಪಲು ಅದಕ್ಕೆ ಸುಮಾರು 10 ಗಂಟೆ ಬೇಕು. ಅಷ್ಟರಲ್ಲಿ ಅದರ ಏರಿಳಿತ ಹತ್ತರಲ್ಲೊಂದು ಪಾಲಿಗಿಂತಲೂ ಕಡಮೆಯಾಗಿರುತ್ತದೆ. ಮಧ್ಯಾಹ್ನ ಎರಡರ ಬಿಸಿ ನಡುರಾತ್ರಿಯಲ್ಲಿ, ಅದೂ ಸೋತು ಸೊರಗಿ, ಒಳಗೆ ಬರುತ್ತದೆ. ಆದರೆ ಮಾಳಿಗೆಗೆ ದಪ್ಪ ಗೋಡೆ, ತೊಲೆ, ಜಂತೆಗಳು ಬೇಕು. ಮಳೆಗಾಲಕ್ಕೆ ಮುಂಚೆ ಮೇಲ್ಮಣ್ಣನ್ನು ಸರಿಪಡಿಸಬೇಕು. ಬಡವನ ಕೈಗೆಟುಕುವುದು ತಗಡೇ.

ಇದಕ್ಕೆ ಮರ ಒಂದು ಪರಿಹಾರ. ಒಂದು ಗ್ರಾಮ್ ನೀರು ಆವಿಯಾಗಲು ಸುಮಾರು 580 ಕೆಲೊರಿ ಉಷ್ಣವನ್ನು ಹೀರುತ್ತದೆ. ದಿನಕ್ಕೆ 100 ಲೀಟರ್ ನೀರನ್ನು ಎಲೆಗಳ ಮೂಲಕ ಹೊರಬಿಡುವ ಮರ ಎಷ್ಟು ಉಷ್ಣವನ್ನು ಕಳೆಯುವುದೆಂದು ವಾಚಕರೇ ಗುಣಿಸಿ ನೋಡಲಿ! ವರ್ಷಕ್ಕೆ ಸುಮಾರು 60 ಸೆಂಟಿಮೀಟರ್ ಮಳೆ ಬೀಳುವ ಈ ಜಿಲ್ಲೆಯಲ್ಲಿ 2016ರಲ್ಲಿ ಕೋಟಿ ವೃಕ್ಷ ಅಭಿಯಾನ ಆರಂಭವಾದುದು ಸಣ್ಣ ಮಾತಲ್ಲ.

ಆದರೆ ಗಿಡ ನೆಡಲು ಜಾಗ ಯಾರಿಗಿದೆ? ಹಳ್ಳಿಯಲ್ಲಿ ಹಿತ್ತಿಲಾದರೂ ಉಂಟು. ಬಬಲೇಶ್ವರ, ತಿಕೋಟಾಗಳಂಥ ಬೆಳೆಯುವ ಊರುಗಳಲ್ಲಿ ಜಾಗವನ್ನು ಈಗಲೇ ಮೀಸಲಿಡಬಹುದು. ನಗರದ ಬಾಡಿಗೆ ಕೋಣೆಯವನಿಗೆ ಮಾತ್ರ ಬೀದಿಯ ಮರವೇ ಗತಿ. ಇನ್ನೊಂದು ತೊಡಕನ್ನೂ ಮರೆಯುವಂತಿಲ್ಲ. ನ್ಯೂಯಾರ್ಕಿನಲ್ಲಿ ಹಳೆಯ ರೈಲುದಾರಿಯ ಮೇಲೆ ‘ಹೈ ಲೈನ್’ ಎಂಬ ಉದ್ಯಾನ 2009ರಲ್ಲಿ ತೆರೆದ ಮೇಲೆ ಸುತ್ತಲಿನ ಮನೆಗಳ ಬೆಲೆ ಏರಿತು. ಹಸುರು ಬಂದಲ್ಲಿ ಬಾಡಿಗೆಯೂ ಏರಿದರೆ, ನೆರಳು ಯಾರಿಗೆ ಬೇಕಾಗಿತ್ತೋ ಅವರೇ ಊರ ಹೊರಗಿನ ತಗಡಿನ ಕೆಳಗೆ ಸೇರುವರು.

ಆದುದರಿಂದ ನೆಟ್ಟ ಸಸಿಗಳನ್ನು ಎಣಿಸಿದರೆ ಸಾಲದು. ಮಧ್ಯಾಹ್ನ ಮೂರು ಗಂಟೆಗೆ ನೆರಳು ಯಾರ ಮನೆಯ ಮೇಲೆ ಬೀಳುತ್ತದೆಂಬುದನ್ನೂ ನೋಡಬೇಕು. ಮರ ಬೆಳೆಯುವವರೆಗೆ ತಗಡಿಗೆ ಬಿಳಿಯ ಬಣ್ಣವನ್ನಾದರೂ ಬಳಿಯಬಹುದು. ಬಿಳುಪು ಬಿಸಿಲಿನ ಹೆಚ್ಚಿನ ಭಾಗವನ್ನು ಹಿಂದಕ್ಕಟ್ಟುತ್ತದೆ. ಎರಡು ಉಷ್ಣತಾಮಾಪಕಗಳನ್ನು ತಂದು, ಬಳಿದ ಹಾಗೂ ಬಳಿಯದ ತಗಡುಗಳ ಕೆಳಗೆ ತೂಗುಹಾಕಿ, ವಿದ್ಯಾರ್ಥಿಗಳು ಇದನ್ನು ತಾವೇ ಅಳೆದು ನೋಡಲಿ. ಆ ಅಂಕಿಗಳನ್ನು ಊರಿನ ಪಂಚಾಯತಿಯ ಮುಂದಿಡಲಿ.