ಸಸಿ ನೆಡುವುದು ಜೂನ್‌ನಲ್ಲಿ, ಉಳಿಸುವುದು ತಪಸ್ಸುಕಾಲದಲ್ಲಿ



ತಲಪಾಡಿಯಿಂದ ತೆಂಕಕ್ಕೆ ರಾಷ್ಟ್ರೀಯ ಹೆದ್ದಾರಿ 66ನ್ನು ಅಗಲ ಮಾಡಿದಾಗ ದಾರಿಬದಿಯ ಎಷ್ಟೋ ಹಳೆಯ ಮರಗಳು ಹೋದವು. ಮರದಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ ಮುದುಕರೂ ಶಾಲೆಯ ಮಕ್ಕಳೂ ಬಿಸಿಲಿಗೆ ಬಿದ್ದರು. ಹೋದ ನೆರಳನ್ನು ಮತ್ತೆ ಪಡೆಯಬೇಕಾದರೆ ನಮ್ಮ ಕೈಯಲ್ಲಿರುವ ಜಾಗಗಳಲ್ಲಿ, ಅಂದರೆ ಚರ್ಚಿನ ಅಂಗಳ, ಶಾಲೆಯ ಮೈದಾನ, ಸ್ಮಶಾನದ ಸುತ್ತು, ವಾರ್ಡಿನ ರಸ್ತೆಬದಿಗಳಲ್ಲಿ ಮರ ಬೆಳೆಸಬೇಕು.

ನಾವು ನೆಡುವುದಿಲ್ಲ ಎಂದಲ್ಲ. ಜೂನ್ 5ರ ಪರಿಸರ ದಿನಕ್ಕೆ ನೆಡುತ್ತೇವೆ. 1950ರಿಂದ ನಡೆದುಬಂದಿರುವ ಜುಲೈ ತಿಂಗಳ ವನಮಹೋತ್ಸವಕ್ಕೂ ನೆಡುತ್ತೇವೆ. ಆದರೆ ಮಾರ್ಚ್ ತಿಂಗಳಲ್ಲಿ ಹೋಗಿ ನೋಡಿದರೆ ಹೆಚ್ಚಿನ ಕಡೆ ಒಣಗಿದ ಕೋಲು ಮಾತ್ರ ಇರುತ್ತದೆ. ಮರುವರ್ಷ ಅದೇ ಗುಂಡಿಯಲ್ಲಿ ಇನ್ನೊಂದು ಸಸಿ!

ಹೀಗಾಗಲು ಕಾರಣವಿದೆ. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಆದರೆ ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ನಮ್ಮ ಮುರಕಲ್ಲಿನ ನೆಲ ನೀರನ್ನು ಬಹುಕಾಲ ಹಿಡಿದಿಡುವುದಿಲ್ಲ. ಡಿಸೆಂಬರ್ ನಂತರ ಮೇಲ್ಮಣ್ಣು ಒಣಗುವಾಗ ಎಳೆಯ ಸಸಿಯ ಬೇರು ಇನ್ನೂ ಮೇಲೆಯೇ ಇರುತ್ತದೆ. ತೋಟದ ಅಡಿಕೆ ಸಸಿಯನ್ನು ಬೇಸಗೆಯಲ್ಲಿ ಎರಡು ವಾರ ನೀರಿಲ್ಲದೆ ಬಿಡುವ ರೈತನಿಲ್ಲ. ಹಾಗಿರುವಾಗ ಊರಿನ ಸಸಿಯನ್ನು ಮಾತ್ರ ಐದು ತಿಂಗಳು ಬಿಟ್ಟರೆ ಅದು ಉಳಿಯುವುದು ಹೇಗೆ?

ಯಾವ ಮರ, ಎಲ್ಲಿ?

ಮೈದಾನಕ್ಕೂ ರಸ್ತೆಬದಿಗೂ ಹೊಂಗೆ, ನೇರಳೆ, ರೆಂಜೆ ಒಳ್ಳೆಯವು. ಕಡಲಬದಿಯ ಉಪ್ಪುಗಾಳಿಯನ್ನು ಹೊನ್ನೆ ತಾಳಿಕೊಳ್ಳುತ್ತದೆ. ವಿದ್ಯುತ್ ತಂತಿಯ ಕೆಳಗೆ ಪೇರಳೆಯಂತಹ ಗಿಡ್ಡ ಜಾತಿ ಸಾಕು. ಗೋಳಿ, ಅಶ್ವತ್ಥಗಳನ್ನು ಗೋಡೆ, ಬಾವಿಗಳಿಂದ ದೂರ ನೆಡಬೇಕು. ಗುಲ್‌ಮೊಹರ್ ಬೇಗ ಬೆಳೆದರೂ ಗಾಳಿಗೆ ಅದರ ಕೊಂಬೆ ಮುರಿಯುತ್ತದೆ. ಮಕ್ಕಳು ಆಡುವಲ್ಲಿ ತೆಂಗು, ಹಲಸು ಬೇಡ.

ನೆಡುವ ಕ್ರಮ

ಗುಂಡಿ ಉದ್ದ, ಅಗಲ, ಆಳ 2 ಅಡಿ ಇರಲಿ. ಮುರಕಲ್ಲಿನ ಜಾಗದಲ್ಲಿ 3 ಅಡಿ ತೋಡಿ, ತಳವನ್ನು ಪಿಕ್ಕಾಸಿನಿಂದ ಸಡಿಲಿಸಬೇಕು. ಮೇಲ್ಮಣ್ಣಿಗೆ ಚೆನ್ನಾಗಿ ಹುಡಿಯಾದ ಹಟ್ಟಿಗೊಬ್ಬರ ಬೆರೆಸಬೇಕು. ಹಸಿ ಗೊಬ್ಬರ ಹಾಕಿದರೆ ಗೆದ್ದಲು ಬರುತ್ತದೆ. ಪ್ಲಾಸ್ಟಿಕ್ ತೊಟ್ಟೆಯನ್ನು ಪೂರ್ತಿ ತೆಗೆದು, ಸುತ್ತಿಕೊಂಡಿರುವ ಬೇರನ್ನು ಬಿಡಿಸಿ ನೆಡಬೇಕು. ಮಳೆಗಾಲದಲ್ಲಿ ಬುಡ ತುಸು ಎತ್ತರವಾಗಿರಲಿ. ಇಲ್ಲವಾದರೆ ಗುಂಡಿಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ.

ವರ್ಷದ ಆರೈಕೆ

ಇದನ್ನು ನೆನಪಿಡಲು ನಮ್ಮ ಹಬ್ಬಗಳೇ ಸಾಕು. ಸೆಪ್ಟೆಂಬರ್ 8ರ ಮೊಂತಿ ಹಬ್ಬದ ಹೊತ್ತಿಗೆ ಕಳೆ ಕೀಳಬೇಕು, ಆಧಾರದ ಕೋಲಿನ ಕಟ್ಟು ಬಿಗಿಯಾಗಿದ್ದರೆ ಸಡಿಲಿಸಬೇಕು. ಕ್ರಿಸ್ಮಸ್‌ಗೆ ಮೊದಲು ಬುಡದ ಸುತ್ತ ನೀರು ನಿಲ್ಲುವಂತೆ ತಗ್ಗು ಮಾಡಿ, 3-4 ಇಂಚು ದಪ್ಪಕ್ಕೆ ತರಗೆಲೆ ಹೊದಿಸಬೇಕು. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಬೇಕು. ಅಂಗಳ ಗುಡಿಸಿ ಸುಡುವ ತರಗೆಲೆಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಬೂದಿ ಬುಧವಾರದಿಂದ ಮುಂದೆ ನಿಜವಾದ ಪರೀಕ್ಷೆ. ವಾರಕ್ಕೆ ಎರಡು ಸಲ, ಸಂಜೆ ಹೊತ್ತು, ಒಂದೊಂದು ಸಸಿಗೆ ಒಂದು ದೊಡ್ಡ ಕೊಡಪಾನ ನೀರನ್ನು ನಿಧಾನವಾಗಿ ಹೊಯ್ಯಬೇಕು. ನೀರಿನ ಅಭಾವವಿರುವಲ್ಲಿ ತಳಕ್ಕೆ ಸಣ್ಣ ತೂತು ಮಾಡಿ ಬಟ್ಟೆಯ ಬತ್ತಿ ತೂರಿಸಿದ ಮಣ್ಣಿನ ಮಡಕೆಯನ್ನು ಬುಡದ ಬಳಿ ಹೂತು, ಅದನ್ನು ತುಂಬಿಸಿದರಾಯಿತು. ಈಸ್ಟರ್ ಮುಗಿದರೂ ಮಳೆ ಹಿಡಿಯುವ ತನಕ ನೀರು ನಿಲ್ಲಿಸಬಾರದು. ಹೀಗೆ ಮೂರು ಬೇಸಗೆ ದಾಟಿಸಿದರೆ ಹೆಚ್ಚಿನ ಸಸಿಗಳು ತಮ್ಮ ನೀರನ್ನು ತಾವೇ ಹುಡುಕಿಕೊಳ್ಳುತ್ತವೆ.

ಇರುವ ಮರಗಳನ್ನೂ ಕಾಯೋಣ

ಅಂಗಳ ಚಂದ ಮಾಡುವ ಭರದಲ್ಲಿ ಮರದ ಬುಡದವರೆಗೂ ಸಿಮೆಂಟು, ಇಂಟರ್‌ಲಾಕ್ ಹಾಕುವುದುಂಟು. ಮರದ ಹೆಚ್ಚಿನ ಬೇರುಗಳು ಮೇಲಿನ ಎರಡು ಮೂರು ಅಡಿ ಮಣ್ಣಿನಲ್ಲೇ ಇವೆ. ಅವಕ್ಕೂ ಗಾಳಿ, ನೀರು ಬೇಕು. ಆದುದರಿಂದ ಬುಡದ ಸುತ್ತ ಕಡಿಮೆಯೆಂದರೆ 4 ಅಡಿ ಮಣ್ಣು ತೆರೆದಿರಲಿ. ಕಾಂಡಕ್ಕೆ ಮೊಳೆ ಹೊಡೆದು ಬೋರ್ಡು ತೂಗುಹಾಕಬಾರದು. ಸಸಿಗೆ ಇಟ್ಟ ಕಬ್ಬಿಣದ ಬೇಲಿ ಕಾಂಡವನ್ನು ಕೊರೆಯುವ ಮೊದಲೇ ತೆಗೆಯಬೇಕು.

ಮರದ ಎಲೆಗಳು ಬಿಸಿಲನ್ನು ತಡೆಯುವುದಲ್ಲದೆ ನೀರಾವಿಯನ್ನು ಬಿಟ್ಟು ಸುತ್ತಲಿನ ಗಾಳಿಯನ್ನೂ ತಂಪು ಮಾಡುತ್ತವೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಮಕ್ಕಳೂ ವೃದ್ಧರೂ ತಲೆಸುತ್ತು, ನಿರ್ಜಲೀಕರಣಗಳಿಂದ ಬಳಲುವಾಗ ಈ ನೆರಳು ಒಂದು ರಕ್ಷಣೆಯೇ ಸರಿ.

ಸಂತ ಲೂಕರ ಶುಭಸಂದೇಶದ 13ನೆಯ ಅಧ್ಯಾಯದಲ್ಲಿ ಪ್ರಭು ಯೇಸು ಹೇಳಿದ ಅಂಜೂರದ ಮರದ ಸಾಮತಿ ನಮಗೆ ತಿಳಿದದ್ದೇ. ಮೂರು ವರ್ಷ ಹಣ್ಣು ಕಾಣದ ಒಡೆಯ ಮರವನ್ನು ಕಡಿಯಲು ಹೇಳಿದ. ತೋಟಗಾರನಾದರೋ ಇನ್ನೊಂದು ವರ್ಷ ಕೇಳಿಕೊಂಡ. ಬುಡ ಅಗೆದು ಗೊಬ್ಬರ ಹಾಕುವ ಹೊಣೆಯನ್ನು ತಾನೇ ಹೊತ್ತ. ನಮ್ಮ ಸಸಿಗಳಿಗೆ ಬೇಕಾಗಿರುವುದು ಅಂತಹ ತೋಟಗಾರರು. ಪ್ರತಿ ವಾರ್ಡಿನ ಗುರಿಕಾರರು ಒಂದೊಂದು ಸಸಿಯನ್ನು ಎರಡೆರಡು ಮನೆಗಳಿಗೆ ಮೂರು ವರ್ಷಕ್ಕೆ ಹಂಚಿಕೊಡಲಿ. ನೂರು ಸಸಿ ನೆಟ್ಟು ಮರೆಯುವ ಬದಲು ಹತ್ತು ನೆಟ್ಟು ಹತ್ತನ್ನೂ ಉಳಿಸೋಣ. ಈ ತಪಸ್ಸುಕಾಲದಲ್ಲಿ ನಾವು ಮಾಡುವ ತ್ಯಾಗಗಳ ಜೊತೆಗೆ ಒಂದು ಕೊಡಪಾನ ನೀರೂ ಸೇರಲಿ.