ನಿಂತ ಕಾರು, ಮುಚ್ಚಿದ ಗಾಜು
2022ರ ಜನವರಿಯಲ್ಲಿ ಪಾಕಿಸ್ತಾನದ ಮರ್ರಿ ಬೆಟ್ಟದಲ್ಲಿ ಹಿಮಕ್ಕೆ ಸಿಕ್ಕಿ ನಿಂತ ವಾಹನಗಳಲ್ಲೇ 20ಕ್ಕೂ ಹೆಚ್ಚು ಜನ ಸತ್ತರು. ಮುಂಬೈಗೆ ಹಿಮ ಎಲ್ಲಿಂದ ಬರಬೇಕು ಅನ್ನಬೇಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಇಲ್ಲೂ ಹಲವರು ಗಾಜು ಏರಿಸಿದ ಕಾರಿನಲ್ಲೇ ಉಸಿರುಗಟ್ಟಿ ಸತ್ತರು. ಹಿಮವಿರಲಿ, ನೀರಿರಲಿ, ಸೈಲೆನ್ಸರ್ ಬಾಯಿ ಮುಚ್ಚಿದರೆ ಹೊಗೆ ಕಾರಿನೊಳಗೆ ಸೋರಬಹುದು. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಮಂಪರು ಬಂದರೆ ಆಯಾಸವೆಂದು ಕಣ್ಣು ಮುಚ್ಚಬೇಡಿ.

ಎಸಿ ಇಲ್ಲದೆ ಬೇಯುತ್ತೇವೆ, ಗಾಜು ಇಳಿಸಿದರೆ ಸೀಟು ನೆನೆಯುತ್ತದೆ ಎಂಬುದು ನಿಜ. ನೆನೆದ ಸೀಟು ಒಣಗುತ್ತದೆ. ಇಂಜಿನ್ ಆರಿಸಿ, ವಿದ್ಯುತ್ ಕೈಕೊಡುವ ಮೊದಲೇ ಲಾಕ್ ತೆಗೆದು ಗಾಜು ಇಳಿಸಿ. ಇನ್ನೊಂದು ಆಕ್ಷೇಪಣೆ ಗಟ್ಟಿಯಾದದ್ದು: ಕಾರಿನಿಂದಿಳಿದು ನಡೆಯುವುದೂ ಅಪಾಯವೇ, 2017ರ ಆಗಸ್ಟ್ 29ರಂದು ನೆರೆಯಲ್ಲಿ ನಡೆದು ಹೋಗುತ್ತಿದ್ದ ವೈದ್ಯರೊಬ್ಬರು ತೆರೆದ ಮ್ಯಾನ್‌ಹೋಲ್‌ಗೆ ಬಿದ್ದು ಸತ್ತರಲ್ಲ? ಹೌದು, ಆದರೂ ಹಿಮದಲ್ಲಿ ಸಿಕ್ಕಿಕೊಂಡವರಿಗೆ ಹೇಳುವ ‘ವಾಹನ ಬಿಟ್ಟು ಹೋಗಬೇಡಿ’ ಎಂಬ ಮಾತನ್ನು ಇಲ್ಲಿಗೆ ತರಬಾರದು; ಇಲ್ಲಿ ನೀರು ಏರುತ್ತಲೇ ಇರುತ್ತದೆ. ಟಯರ್ ಅರ್ಧ ಮುಳುಗುವ ಮೊದಲೇ ಇಳಿಯಿರಿ, ಡಿವೈಡರ್ ಮೇಲೇ ನಡೆಯಿರಿ, ಛತ್ರಿಯ ತುದಿಯಿಂದ ಮುಂದಿನ ನೆಲ ಕುಟ್ಟಿ ನೋಡಿ ಹೆಜ್ಜೆಯಿಡಿ. ಬಾಗಿಲು ತೆರೆಯದಿದ್ದರೆ ಮುಂದಿನ ಗಾಜಿಗೆ ಬಡಿಯುತ್ತಾ ಕೂರಬೇಡಿ, ಅದು ಪದರದ ಗಾಜು. ಪಕ್ಕದ ಕಿಟಕಿಯ ಮೂಲೆಗೆ ಗಾಜು ಒಡೆಯುವ ಸುತ್ತಿಗೆಯಿಂದ ಹೊಡೆಯಿರಿ. ಆ ಸಣ್ಣ ಸುತ್ತಿಗೆ ಡಿಕ್ಕಿಯಲ್ಲಿ ಬೇಡ, ಕೈಗೆಟುಕುವಂತೆ ಸೀಟಿನ ಪಕ್ಕದಲ್ಲೇ ಇರಲಿ.